ಹೈಸ್ಕೂಲ್ ಇಂಗ್ಲಿಷ್: ತರಗತಿಯಲ್ಲೂ ಫೋನಿನಲ್ಲೂ ಮಕ್ಕಳು ಬಾಯಿ ಬಿಡುವಂತೆ ಮಾಡೋದು ಹೇಗೆ?

"ಅಂಡರ್‌ಸ್ಟುಡ್?" ಅಂತ ಮೇಷ್ಟ್ರು ಕೇಳುತ್ತಾರೆ. "ಎಸ್ ಸಾ...ರ್" ಅಂತ ಇಡೀ ತರಗತಿ ಒಂದೇ ರಾಗದಲ್ಲಿ ಹೇಳುತ್ತದೆ. "ಎನಿ ಡೌಟ್ಸ್?" "ನೋ ಸಾ...ರ್." ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪೀರಿಯಡ್ ನಡೆಯುವಾಗ ಹೊರಗೆ ನಿಂತರೆ ಕೇಳಿಸುವುದು ಇದೇ ರಾಗ. ಗಲಾಟೆ ಇಲ್ಲ. ನೋಟ್ಸ್ ಕಂಪ್ಲೀಟ್ ಆಗಿದೆ. ಪಾಠ ಟೈಮಿಗೆ ಸರಿಯಾಗಿ ಮುಗಿಯುತ್ತಿದೆ. ಈಗ ಒಳಗೆ ಹೋಗಿ ಮೂರನೇ ಬೆಂಚಿನ ಹುಡುಗನನ್ನು ಎಬ್ಬಿಸಿ, ಈಗಷ್ಟೇ ಓದಿದ ಪ್ಯಾರಾದಲ್ಲಿ ಯಾರು ಯಾರಿಗೆ ಏನು ಹೇಳಿದರು ಅಂತ ಕೇಳಿ. ಕನ್ನಡದಲ್ಲೇ ಕೇಳಿ. ಅವನು ಪಕ್ಕದವನ ಮುಖ ನೋಡುತ್ತಾನೆ.

ಆನ್‌ಲೈನ್ ಕ್ಲಾಸಿನಲ್ಲಿ ರಾಗ ಬೇರೆ, ಹಾಡು ಅದೇ. "ಆಮ್ ಐ ಆಡಿಬಲ್?" ಅಂದರೆ ಚಾಟ್‌ನಲ್ಲಿ ಸಾಲಾಗಿ "ಎಸ್ ಮಿಸ್" ಬೀಳುತ್ತದೆ. ಆಮೇಲೆ ಸದ್ದೇ ಇಲ್ಲ. ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ಆ ಕಡೆ ಮಗು ಇದೆಯೋ, ಬರೀ ಫೋನ್ ಇದೆಯೋ ಗೊತ್ತಾಗುವುದಿಲ್ಲ.

ಶಿಕ್ಷಕರ ತರಬೇತಿಗಳಲ್ಲಿ 'ಎಂಗೇಜ್‌ಮೆಂಟ್' ಅನ್ನುವ ಮಾತು ಪದೇ ಪದೇ ಬರುತ್ತದೆ. ಸುಮಾರು ಜನ ಇದನ್ನು ಮನರಂಜನೆ ಅಂದುಕೊಂಡುಬಿಟ್ಟಿದ್ದಾರೆ. ಹಾಡು, ಚಪ್ಪಾಳೆ, ಬಣ್ಣದ ಚಾರ್ಟು, ಕ್ವಿಜ್ ಆ್ಯಪು. ಅವು ಬೇಡ ಅಂತಲ್ಲ. ಆದರೆ ಚಪ್ಪಾಳೆ ತಟ್ಟುತ್ತಿರುವ ಮಗುವಿನ ತಲೆ ಸುಮ್ನೆ ಕೂತಿರಬಹುದು. ಸುಮ್ನೆ ಕೂತ ಮಗುವಿನ ತಲೆ ಜೋರಾಗಿ ಓಡುತ್ತಿರಬಹುದು. ಮಗು ಇಂಗ್ಲಿಷ್ ಮೂಲಕ ಏನನ್ನೋ ಯೋಚಿಸುತ್ತಿದೆಯಾ, ಏನನ್ನೋ ಕಂಡುಹಿಡಿಯಲು ಹೊರಟಿದೆಯಾ ಅನ್ನುವುದನ್ನು ನೋಡಬೇಕು. ತರಗತಿಯಲ್ಲಾದರೂ ಫೋನಿನಲ್ಲಾದರೂ ಇದೇ ಅಳತೆ.

ಏಳು ವರ್ಷ ಕಲಿತರೂ ಯಾಕೆ ಮೌನ?

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಅಂದರೆ ಎಂಟನೇ ತರಗತಿಗೆ ಬರುವ ಹುಡುಗಿ ಏಳು ವರ್ಷ ಇಂಗ್ಲಿಷ್ ಓದಿರುತ್ತಾಳೆ. ಆದರೂ "ಮೈ ಫಾದರ್ ಈಸ್ ಎ ಫಾರ್ಮರ್" ದಾಟಿ ಮುಂದಕ್ಕೆ ಹೋಗಲು ತಡವರಿಸುತ್ತಾಳೆ. ಇದರಲ್ಲಿ ಅವಳ ದಡ್ಡತನ ಏನೂ ಇಲ್ಲ.

ಇದಕ್ಕೆ ಕಾರಣ ಮೂರು. ಮೊದಲನೆಯದು ವಯಸ್ಸು. ಹದಿಮೂರರಿಂದ ಹದಿನಾರು. ಹುಡುಗರ ದನಿ ಒಡೆಯುವ ಕಾಲ, ಹುಡುಗಿಯರು ಎದ್ದು ನಿಲ್ಲಲೂ ಮುಜುಗರ ಪಡುವ ಕಾಲ. "ಹಿ ಗೋ" ಅಂದಾಗ ಹಿಂದಿನ ಬೆಂಚಿನಿಂದ ಒಂದು ಕಿಸಕ್ ನಗು ಬಂದರೆ ಸಾಕು, ಆ ಮಗು ಆಮೇಲೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಎಲ್ಲರೆದುರು ತಪ್ಪಾಗುವ ಭಯ ಇರುವಲ್ಲಿ, ಕಿವಿಗೆ ಬಿದ್ದ ಭಾಷೆಯೂ ಒಳಗೆ ಇಳಿಯುವುದಿಲ್ಲ ಅಂತ ಸ್ಟೀಫನ್ ಕ್ರಾಶೆನ್ ಎಂಬ ಅಮೆರಿಕದ ಭಾಷಾತಜ್ಞರು 1980ರ ದಶಕದಲ್ಲೇ ಹೇಳಿದ್ದರು. ಅವರ ಬೇರೆ ಮಾತುಗಳ ಬಗ್ಗೆ ವಾದ ಇದೆ. ಈ ಮಾತನ್ನು ಮಾತ್ರ ಯಾವ ಹೈಸ್ಕೂಲ್ ಶಿಕ್ಷಕರೂ ಅಲ್ಲಗಳೆಯುವುದಿಲ್ಲ.

ಎರಡನೆಯದು ಪರೀಕ್ಷೆ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷ್‌ಗೆ ನೂರು ಅಂಕ. ಅದರಲ್ಲಿ ಲಿಖಿತ ಪರೀಕ್ಷೆ 80, ಆಂತರಿಕ ಮೌಲ್ಯಮಾಪನ 20. ಫಲಿತಾಂಶದ ಪಟ್ಟಿಯಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಅನ್ನುವ ಒತ್ತಡ ಶಾಲೆಯ ತಲೆ ಮೇಲೆ ಯಾವಾಗಲೂ ಇರುತ್ತದೆ. ಹೀಗಾಗಿ ಹತ್ತನೇ ತರಗತಿ ಬಂದ ಕೂಡಲೇ 'ಪಾಸಿಂಗ್ ಪ್ಯಾಕೇಜ್' ಶುರು. ಪದ್ಯ ಬಾಯಿಪಾಠ, ಪತ್ರದ ಚೌಕಟ್ಟು ಬಾಯಿಪಾಠ, ಪ್ರಶ್ನೋತ್ತರ ಬಾಯಿಪಾಠ. ಮಗುವಿಗೆ ಇಂಗ್ಲಿಷ್ ಅಂದರೆ ಯಾರೋ ಬರೆದುಕೊಟ್ಟಿದ್ದನ್ನು ಹಾಗೇ ಒಪ್ಪಿಸುವುದು ಅನ್ನಿಸಿಬಿಡುತ್ತದೆ.

ಮೂರನೆಯದರ ಬಗ್ಗೆ ನಾವು ಜಾಸ್ತಿ ಮಾತಾಡುವುದೇ ಇಲ್ಲ. ಅದು ನಾವು ಕೇಳುವ ಪ್ರಶ್ನೆಗಳದ್ದು. "ವಾಟ್ ಈಸ್ ದ ಕ್ಯಾಪಿಟಲ್ ಆಫ್ ಇಂಡಿಯಾ?" ಅನ್ನುವಂಥ ಪ್ರಶ್ನೆಗೆ ಉತ್ತರ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಮನೆಯಲ್ಲಿ ಯಾರಾದರೂ ನಿಮ್ಮನ್ನು ಹೀಗೆ ಕೇಳುತ್ತಾ ಕೂತರೆ ಎಷ್ಟು ಹೊತ್ತು ಉತ್ತರ ಕೊಡುತ್ತೀರಿ? ಮಕ್ಕಳಿಗೂ ಅದೇ ಬೇಸರ. ಗೊತ್ತಿಲ್ಲದ್ದನ್ನು ತಿಳಿಯುವ ಅಗತ್ಯವೇ ಇಲ್ಲದಿದ್ದರೆ ಮಾತು ಯಾಕೆ ಹುಟ್ಟಬೇಕು?

ಬೆಂಗಳೂರಿನಲ್ಲೇ ಹುಟ್ಟಿದ ಉತ್ತರ

ಈ ಮೂರನೇ ಕಾರಣದ ಬೆನ್ನು ಹತ್ತಿದವರು ಎನ್.ಎಸ್. ಪ್ರಭು. ಬ್ರಿಟಿಷ್ ಕೌನ್ಸಿಲ್‌ನ ಮದ್ರಾಸ್ ಕಚೇರಿಯಲ್ಲಿದ್ದ ಅವರು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆ ಸೇರಿ 1979ರಿಂದ 1984ರವರೆಗೆ ಒಂದು ಪ್ರಯೋಗ ನಡೆಸಿದರು. 1963ರಲ್ಲಿ ಶುರುವಾದ ಆ ಸಂಸ್ಥೆ ಇವತ್ತಿಗೂ ಜ್ಞಾನಭಾರತಿಯಲ್ಲಿದೆ. ನಮ್ಮ ಎಷ್ಟೋ ಇಂಗ್ಲಿಷ್ ಮೇಷ್ಟ್ರುಗಳು ಅಲ್ಲಿ ತರಬೇತಿಗೆ ಹೋಗಿ ಬಂದಿದ್ದಾರೆ. ಆ ಪ್ರಯೋಗ ಜಗತ್ತಿನಾದ್ಯಂತ 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತ ಹೆಸರಾಯಿತು. ಟಾಸ್ಕ್, ಅಂದರೆ ಬಿಡಿಸಬೇಕಾದ ಒಂದು ಸಮಸ್ಯೆ ಕೊಟ್ಟು ಅದರ ಮೂಲಕ ಭಾಷೆ ಕಲಿಸುವ ಪದ್ಧತಿಯ ಬಗ್ಗೆ ಯಾವ ದೇಶದಲ್ಲಿ ಪುಸ್ತಕ ಬರೆದರೂ ಈ ಹೆಸರು ಬರುತ್ತದೆ. ನಮ್ಮ ಬಿ.ಇಡಿ. ಮಕ್ಕಳಿಗೆ ಇದು ನಮ್ಮೂರಿನದ್ದು ಅನ್ನುವುದೇ ಗೊತ್ತಿರುವುದಿಲ್ಲ, ಅದು ಬೇರೆ ಮಾತು.

ಆಗ ಶಾಲೆಗಳಲ್ಲಿ ವಾಕ್ಯರಚನೆಗಳನ್ನು ಒಂದೊಂದಾಗಿ ಕಲಿಸುತ್ತಿದ್ದರು. "ದಿಸ್ ಈಸ್ ಎ ಪೆನ್", "ಐ ಆಮ್ ವಾಕಿಂಗ್ ಟು ದ ಡೋರ್" ಅಂತ ಹೇಳಿ, ಹೇಳಿಸಿ, ಮತ್ತೆ ಹೇಳಿಸುವುದು. ಪ್ರಭು ಬೇರೆ ದಾರಿ ಹಿಡಿದರು. ಮನಸ್ಸು ಅರ್ಥದ ಮೇಲೆ ಇದ್ದಾಗ ವ್ಯಾಕರಣ ತಾನಾಗಿ ಒಳಗೆ ಕೂರುತ್ತದೆ ಅನ್ನುವುದು ಅವರ ನಂಬಿಕೆ. ಅದಕ್ಕೆ ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ, ಬೆಲೆಪಟ್ಟಿ ಇಂಥವು ಕೊಟ್ಟು ಸಮಸ್ಯೆ ಬಿಡಿಸಲು ಹಚ್ಚಿದರು. ಪ್ರಯೋಗ ನಡೆದಿದ್ದು ಸಾಮಾನ್ಯ ಶಾಲೆಗಳಲ್ಲಿ, ತುಂಬಿದ ತರಗತಿಗಳಲ್ಲಿ, ಕರಿಹಲಗೆ ಮತ್ತು ಸೀಮೆಸುಣ್ಣದ ಜೊತೆ. 1987ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಬರೆದರು.

ಅವರು ಮಾಡಿದ ಒಂದು ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. ಮಾತು ಹುಟ್ಟಬೇಕಾದರೆ ಎಲ್ಲೋ ಒಂದು ಗ್ಯಾಪ್ ಇರಬೇಕು. ಅದು ಮೂರು ಥರ. ನನ್ನ ಹತ್ತಿರ ಇರುವ ವಿಷಯ ನಿನ್ನ ಹತ್ತಿರ ಇಲ್ಲ, ನಿನ್ನದು ನನ್ನ ಹತ್ತಿರ ಇಲ್ಲ ಅಂದರೆ ಮಾಹಿತಿಯ ಗ್ಯಾಪ್. ಇಬ್ಬರ ಮುಂದೆಯೂ ಒಂದೇ ಮಾಹಿತಿ ಇದೆ, ಆದರೆ ಉತ್ತರ ಸಿಗಲು ಲೆಕ್ಕ ಹಾಕಬೇಕು, ತಾಳೆ ನೋಡಬೇಕು ಅಂದರೆ ತರ್ಕದ ಗ್ಯಾಪ್. ನನಗೆ ಒಂದು ಅನ್ನಿಸುತ್ತದೆ, ನಿನಗೆ ಇನ್ನೊಂದು ಅಂದರೆ ಅಭಿಪ್ರಾಯದ ಗ್ಯಾಪ್. ಪ್ರಭುಗೆ ಎರಡನೆಯದರ ಮೇಲೆ ಒಲವು ಜಾಸ್ತಿ. ಮಾಹಿತಿ ಬರೀ ಸಾಗಿಸುವುದಾದರೆ ಮಾತು ಒಂದೆರಡು ಪದಕ್ಕೆ ಮುಗಿಯುತ್ತದೆ. ಅಭಿಪ್ರಾಯ ಅಂದರೆ ಕಲಿಕೆಯಲ್ಲಿ ಹಿಂದಿರುವ ಮಕ್ಕಳಿಗೆ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುವುದಿಲ್ಲ. ತರ್ಕದಲ್ಲಿ ಸರಿ ಉತ್ತರ ಅಂತ ಒಂದು ಇರುತ್ತದೆ, ಅದನ್ನು ಹಿಡಿಯುವ ಹಠ ಹುಟ್ಟುತ್ತದೆ.

ಅಜ್ಜಿ ಯಾವ ಬಸ್ ಹತ್ತಬೇಕು?

ಹೇಳಿದರೆ ಸಾಲದು, ಒಂದು ಟಾಸ್ಕ್ ನೋಡೋಣ. ಸಮಯ, ದರ ಎಲ್ಲ ಸುಮ್ನೆ ಉದಾಹರಣೆಗೆ ಹಾಕಿಕೊಂಡದ್ದು. ಬೋರ್ಡ್ ಮೇಲೆ ಇಷ್ಟು ಬರೆಯಿರಿ.

ಶಿರಸಿಯಿಂದ ಹುಬ್ಬಳ್ಳಿಗೆ ಮೂರು ಬಸ್. ಸಾಮಾನ್ಯ ಬಸ್ 6:30ಕ್ಕೆ ಬಿಟ್ಟು 9:45ಕ್ಕೆ ತಲುಪುತ್ತದೆ. ಇನ್ನೊಂದು ಸಾಮಾನ್ಯ ಬಸ್ 7:45ಕ್ಕೆ ಬಿಟ್ಟು 11:00ಕ್ಕೆ. ರಾಜಹಂಸ 7:45ಕ್ಕೆ ಬಿಟ್ಟು 10:15ಕ್ಕೆ. ಸಾಮಾನ್ಯ ಬಸ್ಸಿಗೆ 110 ರೂಪಾಯಿ, ರಾಜಹಂಸಕ್ಕೆ 180. ಹೊರಟವರು ಅಜ್ಜಿ, ಅಮ್ಮ, ಅಪ್ಪ ಮತ್ತು ಹತ್ತು ವರ್ಷದ ತಮ್ಮ. ಅಜ್ಜಿಗೆ 11 ಗಂಟೆಗೆ ಆಸ್ಪತ್ರೆಯಲ್ಲಿ ಡಾಕ್ಟರನ್ನು ನೋಡಬೇಕು. ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಅರ್ಧ ಗಂಟೆ. ಅಪ್ಪನ ಜೇಬಿನಲ್ಲಿ 700 ರೂಪಾಯಿ ಇದೆ.

ಪ್ರಶ್ನೆ ಒಂದೇ. ಯಾವ ಬಸ್, ಒಟ್ಟು ಎಷ್ಟು ದುಡ್ಡು?

ಇದರಲ್ಲಿ ಒಂದು ಸಿಕ್ಕು ಇದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸದಂಥ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ತಮ್ಮನಿಗೆ ಹಾಫ್ ಟಿಕೆಟ್. ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಮಕ್ಕಳಿಗೆ ಚೆನ್ನಾಗಿ ಗೊತ್ತು. ತರಗತಿ ಹೀಗೆ ಸಾಗುತ್ತದೆ:

"ಹೂ ಡಸಂಟ್ ಪೇ?"

"ಅಜ್ಜಿ, ಮಿಸ್!"

"ಓನ್ಲಿ ಅಜ್ಜಿ?"

"ಅಮ್ಮ ಆಲ್ಸೋ."

"ಇನ್ ರಾಜಹಂಸ?"

ಒಂದು ಕ್ಷಣ ಮೌನ. ಆಮೇಲೆ ಕಿಟಕಿ ಪಕ್ಕದಿಂದ, "ನೋ ಮಿಸ್. ಆಲ್ ಪೇ. ತಮ್ಮ ಹಾಫ್."

ಸಾಮಾನ್ಯ ಬಸ್ಸಿಗೆ 165 ರೂಪಾಯಿ, ರಾಜಹಂಸಕ್ಕೆ 630. ಎರಡನೇ ಸಾಮಾನ್ಯ ಬಸ್ ಹತ್ತಿದರೆ ಡಾಕ್ಟರ್ ಟೈಮ್ ತಪ್ಪುತ್ತದೆ. ಹಾಗಾದರೆ 6:30ರ ಬಸ್ಸೇ ಉತ್ತರ ಅಂತ ಬರೆದುಕೊಳ್ಳುವಷ್ಟರಲ್ಲಿ ಯಾರೋ ಒಬ್ಬ ಎದ್ದು, "ಮಿಸ್, ಅಜ್ಜಿ ನೋ ವೇಕಪ್ ಅರ್ಲಿ" ಅನ್ನುತ್ತಾನೆ. ಇಲ್ಲಿ ಶಿಕ್ಷಕಿ ಅವನನ್ನು ತಿದ್ದಲು ನಿಲ್ಲುವುದಿಲ್ಲ. "ಯೆಸ್, ಅಜ್ಜಿ ಕಾಂಟ್ ವೇಕ್ ಅಪ್ ಅರ್ಲಿ. ಸೋ, ವಿಚ್ ಬಸ್?" ಅನ್ನುತ್ತಾಳೆ. ಸರಿಯಾದ ವಾಕ್ಯ ಅವನ ಕಿವಿಗೆ ಬಿತ್ತು, ಅವಮಾನ ಆಗಲಿಲ್ಲ, ಮಾತು ಮುಂದೆ ಹೋಯಿತು. ತರ್ಕದ ಗ್ಯಾಪ್‌ನಿಂದ ಶುರುವಾದದ್ದು ಈಗ ಅಭಿಪ್ರಾಯದ ಗ್ಯಾಪ್ ಆಗಿದೆ. ದುಡ್ಡು ಮುಖ್ಯವೋ, ಅಜ್ಜಿಯ ನಿದ್ದೆ ಮುಖ್ಯವೋ? ಜಗಳ ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ನಡೆಯುತ್ತದೆ. ನಡೆಯಲಿ ಬಿಡಿ.

ಪ್ರಭು ಪದ್ಧತಿಯಲ್ಲಿ ಇದಕ್ಕೆ ಎರಡು ಹಂತ. ಮೊದಲು ಇಡೀ ತರಗತಿ ಜೊತೆ, ಶಿಕ್ಷಕರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾ ಒಂದು ಟಾಸ್ಕ್ ಬಿಡಿಸುತ್ತಾರೆ. ಆಮೇಲೆ ಅದೇ ಥರದ, ಸ್ವಲ್ಪ ಬೇರೆ ಟಾಸ್ಕನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಕೊನೆಗೆ ನೋಡುವುದು ಉತ್ತರ ಸರಿಯಾ ಅಂತ, ವ್ಯಾಕರಣ ಸರಿಯಾ ಅಂತಲ್ಲ. ಗಮನಿಸಿ, ಪ್ರಭುಗೆ ಗ್ರೂಪ್ ವರ್ಕ್ ಮೇಲೆ ಅಂಥ ಪ್ರೀತಿ ಇರಲಿಲ್ಲ. ಮಕ್ಕಳು ಮಕ್ಕಳೇ ಮಾತಾಡಿಕೊಂಡರೆ ಅವರಿಗೆ ಸಿಗುವ ಇಂಗ್ಲಿಷ್ ಅವರದ್ದೇ ಅರೆಬರೆ ಇಂಗ್ಲಿಷ್ ಅನ್ನುವುದು ಅವರ ಆತಂಕ. ಈಗಿನ ತರಬೇತಿಗಳಲ್ಲಿ ಎಲ್ಲದಕ್ಕೂ ಗ್ರೂಪ್ ಮಾಡಿ ಅನ್ನುತ್ತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆ ಇಲ್ಲ. ಉತ್ತರ ಹುಡುಕುವಾಗ ಶಿಕ್ಷಕರ ಜೊತೆ, ಹೇಳಲು ತಯಾರಿ ಮಾಡಿಕೊಳ್ಳುವಾಗ ಬೆಂಚಿನ ಜೋಡಿ. ಐದಾರು ಜನರ ಗ್ರೂಪಿನಲ್ಲಿ ಒಬ್ಬಳು ಬರೆಯುತ್ತಾಳೆ, ಇಬ್ಬರು ನೋಡುತ್ತಾರೆ, ಉಳಿದವರು ಬೇರೆ ಲೋಕದಲ್ಲಿರುತ್ತಾರೆ.

ಮೂರು ಸೆಕೆಂಡು ಕಾಯುವುದು

ಪ್ರಶ್ನೆ ಕೇಳಿ ಸ್ವಲ್ಪ ಕಾಯುವುದಕ್ಕೆ ಖರ್ಚೂ ಇಲ್ಲ, ತಯಾರಿಯೂ ಇಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಮಾತನ್ನು ರೆಕಾರ್ಡ್ ಮಾಡಿ ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡು. ಉತ್ತರ ಬರದಿದ್ದರೆ ತಾವೇ ಹೇಳುತ್ತಾರೆ, ಇಲ್ಲವೇ ಇನ್ನೊಬ್ಬರನ್ನು ಕೇಳುತ್ತಾರೆ. ಅದನ್ನೇ ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಕಡಿಮೆಯಾಯಿತು, ಕೇಳದೆಯೂ ಮಾತಾಡುವವರು ಹೆಚ್ಚಾದರು. ರೋ ನೋಡಿದ್ದು ಮಕ್ಕಳ ಸ್ವಂತ ಭಾಷೆಯ ವಿಜ್ಞಾನ ಪಾಠಗಳನ್ನು. ನಮ್ಮ ಮಕ್ಕಳು ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಂಡು, ಉತ್ತರ ಯೋಚಿಸಿ, ಅದನ್ನು ಇಂಗ್ಲಿಷಿಗೆ ತರಬೇಕು. ಅವರಿಗೆ ಇನ್ನೂ ಜಾಸ್ತಿ ಹೊತ್ತು ಬೇಕು.

ಕಾಯುವುದು ಹೇಳಿದಷ್ಟು ಸುಲಭ ಅಲ್ಲ. ಆ ಮೌನದಲ್ಲಿ ಶಿಕ್ಷಕರಿಗೇ ಕಸಿವಿಸಿ. ಅದಕ್ಕೆ ಒಂದು ಉಪಾಯ: ಪ್ರಶ್ನೆ ಕೇಳಿ, ಬೋರ್ಡ್ ಕಡೆ ತಿರುಗಿ ಅದನ್ನೇ ನಿಧಾನವಾಗಿ ಬರೆಯಿರಿ. ಬರೆದು ಮುಗಿಸಿ ತಿರುಗುವಷ್ಟರಲ್ಲಿ ಒಂದೆರಡು ಕೈ ಮೇಲೆದ್ದಿರುತ್ತವೆ. ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಿಕೊಳ್ಳಿ ಅಂದರೆ ಇನ್ನೂ ಒಳ್ಳೆಯದು. ಉತ್ತರ ತಪ್ಪಾದರೂ "ನಾವು ಹೀಗೆ ಅಂದುಕೊಂಡೆವು" ಅನ್ನಬಹುದು. 'ನಾನು' ಅನ್ನುವುದಕ್ಕಿಂತ 'ನಾವು' ಅನ್ನುವುದಕ್ಕೆ ಧೈರ್ಯ ಕಡಿಮೆ ಸಾಕು.

ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಪಾಠ ಓದಿಸುವುದನ್ನೂ ಇದೇ ರೀತಿ ಬದಲಿಸಬಹುದು. ನೋಡಿರದ ಪ್ಯಾರಾವನ್ನು ಇದ್ದಕ್ಕಿದ್ದಂತೆ ಓದು ಅಂದರೆ ಚೆನ್ನಾಗಿ ಓದುವ ಮಗುವೂ ತೊದಲುತ್ತದೆ. ನಾಳೆ ಈ ನಾಲ್ಕು ಸಾಲು ನೀನು ಓದಬೇಕು ಅಂತ ಇವತ್ತೇ ಹೇಳಿ ಕಳಿಸಿ.

ಸ್ವಾಮಿ ಹೀರೋನಾ?

"ಟಾಸ್ಕ್ ಎಲ್ಲ ಚೆಂದ. ಸಿಲಬಸ್ ಯಾರು ಮುಗಿಸ್ತಾರೆ ಸರ್?" ನ್ಯಾಯವಾದ ಪ್ರಶ್ನೆ. ಟಾಸ್ಕಿಗೆ ಬೇರೆ ಪೀರಿಯಡ್ ಹುಡುಕಬೇಕಿಲ್ಲ. ಪಠ್ಯಪುಸ್ತಕದ ಒಳಗೇ ಗ್ಯಾಪ್ ಇರುತ್ತದೆ.

ನಮ್ಮ ಹತ್ತನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಹಲವು ವರ್ಷ ಪಾಠವಾಗಿ ಬಂದಿದೆ. ಮೈಸೂರಿನಲ್ಲಿ ಬಾಳಿದ ಲೇಖಕರ ಕತೆ. ಒಬ್ಬ ಹುಡುಗನ ಧೈರ್ಯದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅಪ್ಪ, ಮಗ ಸ್ವಾಮಿಗೆ ಇವತ್ತು ರಾತ್ರಿ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗು ಅನ್ನುತ್ತಾರೆ. ಸ್ವಾಮಿಗೋ ಅಜ್ಜಿ ಪಕ್ಕದಲ್ಲೇ ಮಲಗಿ ಅಭ್ಯಾಸ. ಪಾಠವನ್ನು ಅಲ್ಲಿಗೆ ನಿಲ್ಲಿಸಿ, ಪುಸ್ತಕ ಮುಚ್ಚಿಸಿ. ಸ್ವಾಮಿ ತಪ್ಪಿಸಿಕೊಳ್ಳಲು ಏನೇನು ನೆಪ ಹೇಳಬಹುದು? ಜೋಡಿಯಾಗಿ ಮೂರು ಬರೆಯಿರಿ. ನೆಪ ಹೇಳುವುದರಲ್ಲಿ ಹೈಸ್ಕೂಲ್ ಮಕ್ಕಳಿಗೆ ತರಬೇತಿ ಬೇಕಾ? "ಫಾದರ್, ದೇರ್ ಆರ್ ಸ್ಕಾರ್ಪಿಯನ್ಸ್", "ಐ ಹ್ಯಾವ್ ಫೀವರ್" ಅಂತ ಸಾಲುಗಟ್ಟಿ ಬರುತ್ತವೆ. ಈಗ ಪುಸ್ತಕ ತೆರೆಸಿ, ಕತೆಯಲ್ಲಿ ಸ್ವಾಮಿ ಏನು ಹೇಳಿದ ನೋಡಿ ಅನ್ನಿ. ಅವರು ಓದುವ ರೀತಿಯೇ ಬೇರೆ ಆಗಿರುತ್ತದೆ. ತಮ್ಮ ನೆಪ ಇದೆಯಾ ಅಂತ ಹುಡುಕಿಕೊಂಡು ಓದುತ್ತಾರೆ.

ಕತೆಯ ಕೊನೆಯಲ್ಲಿ ಸ್ವಾಮಿ ಕತ್ತಲಲ್ಲಿ ಬಂದ ಕಳ್ಳನ ಕಾಲನ್ನು ದೆವ್ವದ್ದೆಂದು ಹೆದರಿ ಕಚ್ಚಿಬಿಡುತ್ತಾನೆ. ಕಳ್ಳ ಸಿಕ್ಕಿಬೀಳುತ್ತಾನೆ, ಸ್ವಾಮಿ ಹೀರೋ ಆಗುತ್ತಾನೆ. ಹೌದಾ, ಅವನು ಹೀರೋನಾ? ಹೆದರಿ ಮಾಡಿದ್ದು ಧೈರ್ಯ ಆಗುತ್ತಾ? ಹೌದು ಅನ್ನುವವರು ಬಾಗಿಲ ಕಡೆ, ಅಲ್ಲ ಅನ್ನುವವರು ಕಿಟಕಿ ಕಡೆ. ಪ್ರತಿಯೊಬ್ಬರೂ ಪುಸ್ತಕದಿಂದ ಒಂದು ಸಾಲು ತೋರಿಸಿ "ಬಿಕಾಸ್" ಅನ್ನಬೇಕು. ಹೊಸ ಸಾಲು ಕೇಳಿ ಮನಸ್ಸು ಬದಲಾದರೆ ಆ ಕಡೆಯಿಂದ ಈ ಕಡೆಗೆ ನಡೆದು ಬರಬಹುದು. ಇದೆಲ್ಲ ಆದ ಮೇಲೆ ಪಾಠದ ಹಿಂದಿನ ಪ್ರಶ್ನೆಗಳಿಗೆ ಉತ್ತರ ಬರೆಸಿ ನೋಡಿ. ಬರೆಸುವ ಅಗತ್ಯವೇ ಬೀಳುವುದಿಲ್ಲ, ಅವರೇ ಬರೆಯುತ್ತಾರೆ.

ಪರೀಕ್ಷೆಯಲ್ಲಿ ಬರುವ ಚಿತ್ರ ವಿವರಣೆ, ಪ್ರೊಫೈಲ್, ಪತ್ರ, ಸಂಭಾಷಣೆ ಪೂರ್ಣಗೊಳಿಸುವುದು ಇವೆಲ್ಲ ಟಾಸ್ಕ್ ಆಗುವುದಕ್ಕೇ ಹುಟ್ಟಿದಂತಿವೆ. ಒಂದು ಚಿತ್ರವನ್ನು ಬೆಂಚಿನ ಒಬ್ಬರಿಗೆ ಮಾತ್ರ ಕೊಡಿ, ಅವರು ಇಂಗ್ಲಿಷಿನಲ್ಲಿ ಹೇಳಬೇಕು, ಇನ್ನೊಬ್ಬರು ಬಿಡಿಸಬೇಕು. ಚಿತ್ರ ವಿವರಣೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಕನ್ನಡ ಬಳಸಬಹುದಾ ಅಂತ ಕೇಳಿದರೆ, ಬಳಸಿ. ಟಾಸ್ಕ್ ಏನು ಅಂತ ವಿವರಿಸಲು, ನಾಚಿಕೊಂಡ ಮಗುವಿನ ಮಾತು ಹೊರಗೆ ತರಲು ಕನ್ನಡ ಬೇಕೇ ಬೇಕು. ಆದರೆ ಸಾಲು ಸಾಲಿಗೂ ಅನುವಾದ ಮಾಡಿ ಹೇಳಿದರೆ ಮಕ್ಕಳು ಇಂಗ್ಲಿಷ್ ಸಾಲು ಬಂದಾಗ ಕಿವಿ ಮುಚ್ಚಿ, ಕನ್ನಡ ಬಂದಾಗ ತೆರೆಯುವುದನ್ನು ಕಲಿತುಬಿಡುತ್ತಾರೆ.

ಫೋನಿಗೆ ಬಂದಾಗ ಏನು ಬದಲಾಗುತ್ತದೆ

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ನಮಗೆಲ್ಲ ಇದರ ಪಾಠ ಒಟ್ಟಿಗೇ ಆಯಿತು. ಜುಲೈನಲ್ಲಿ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಶಿಕ್ಷಕರು ಊರೊಳಗೆ ಹೋಗಿ ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳು ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಪುಟ್ಟ ಪುಟ್ಟ ಗುಂಪುಗಳಿಗೆ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹತ್ತನೇ ತರಗತಿ ಮಕ್ಕಳು ಮತ್ತೆ ಶಾಲೆಗೆ ಬಂದದ್ದು 2021ರ ಜನವರಿ 1ಕ್ಕೆ. ಟಿವಿ ಪಾಠ ಎಷ್ಟೇ ಚೆನ್ನಾಗಿದ್ದರೂ ಮಗು ಅದಕ್ಕೆ ಎದುರು ಮಾತಾಡುವಂತಿಲ್ಲ. ಜಗಲಿ ಮೇಲಿನ ಪಾಠದಲ್ಲಿ ಮಾತಾಡಬಹುದಿತ್ತು. ಇಂಗ್ಲಿಷ್ ಮಟ್ಟಿಗೆ ಆ ವರ್ಷ ಕಂಡ ವ್ಯವಸ್ಥೆಗಳಲ್ಲಿ ವಿದ್ಯಾಗಮವೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಈಗ ಪೂರ್ತಿ ಆನ್‌ಲೈನ್ ಶಾಲೆ ಇಲ್ಲ. ಆದರೆ ಫೋನ್ ಹೋಗಲಿಲ್ಲ. ಎಲ್ಲ ಕ್ಲಾಸಿಗೂ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಆ್ಯಪ್ ತೆರೆದುಕೊಳ್ಳುತ್ತದೆ. ಮಲೆನಾಡು, ಕರಾವಳಿಯಲ್ಲಿ ಜುಲೈ ಬಂತೆಂದರೆ ಮಳೆ ರಜೆ. ಹೀಗಾಗಿ ಎರಡೂ ಕಡೆ ಕಲಿಸುವುದು ಗೊತ್ತಿರಬೇಕು.

ತರಗತಿಯ ಪಾಠವನ್ನು ಹಾಗೇ ಫೋನಿಗೆ ಎತ್ತಿಹಾಕಿದರೆ ಕೆಡುತ್ತದೆ. ಮನೆಯಲ್ಲಿ ಇರುವುದು ಒಂದು ಫೋನು, ಅದು ಅಪ್ಪನದ್ದು. ಅಪ್ಪ ಕೆಲಸದಿಂದ ಬರುವುದು ಸಂಜೆ. ಅಕ್ಕ, ತಮ್ಮನಿಗೂ ಅದೇ ಫೋನು. ಹೊರಗೆ ಕುಕ್ಕರ್ ಕೂಗುತ್ತದೆ, ಒಳಗೆ ಟಿವಿ ಓಡುತ್ತದೆ. ಮನೆಯ ಗೋಡೆ, ಮನೆಯ ಜನ ಕಾಣುತ್ತಾರೆ ಅನ್ನುವ ಮುಜುಗರಕ್ಕೆ ಎಷ್ಟೋ ಮಕ್ಕಳು ಕ್ಯಾಮೆರಾ ಆನ್ ಮಾಡುವುದಿಲ್ಲ. ಅದಕ್ಕೆ ಬೈಯುವುದರಲ್ಲಿ ಅರ್ಥ ಇಲ್ಲ. ಕ್ಯಾಮೆರಾ ಆನ್ ಆದ ಮಾತ್ರಕ್ಕೆ ಮಗು ಕೇಳಿಸಿಕೊಳ್ಳುತ್ತಿದೆ ಅಂತಲೂ ಅಲ್ಲ.

ಲೈವ್ ಕ್ಲಾಸ್ ಇಡಲೇಬೇಕಾದರೆ ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಅದರಲ್ಲೂ ಐದಾರು ನಿಮಿಷಕ್ಕೊಮ್ಮೆ ಮಕ್ಕಳ ಬೆರಳಿಗೆ ಒಂದು ಕೆಲಸ ಕೊಡಿ. ಅದಕ್ಕೆ 'ಚಾಟ್ ವಾಟರ್‌ಫಾಲ್' ಅನ್ನುವ ಒಂದು ವಿಧಾನ ಇದೆ. ಪ್ರಶ್ನೆ ಕೇಳಿ, ಎಲ್ಲರೂ ಉತ್ತರ ಟೈಪ್ ಮಾಡಿ, ಆದರೆ ಕಳಿಸಬೇಡಿ ಅನ್ನಿ. ಒಂದು ನಿಮಿಷ ಬಿಟ್ಟು "ಒನ್, ಟು, ತ್ರೀ, ಸೆಂಡ್." ಎಲ್ಲ ಉತ್ತರ ಒಟ್ಟಿಗೆ ಸುರಿಯುತ್ತವೆ. ಮೊದಲು ಕಳಿಸಿದ ಜಾಣನ ಉತ್ತರವನ್ನು ಉಳಿದವರು ನಕಲು ಮಾಡುವಂತಿಲ್ಲ. ಯಾರ ತಪ್ಪೂ ಎದ್ದು ಕಾಣುವುದಿಲ್ಲ. ಆಮೇಲೆ ನೀವು ಎರಡು ಮೂರು ಉತ್ತರ ಆರಿಸಿ ಓದಿ, "ಇದು ಆಸಕ್ತಿ ಹುಟ್ಟಿಸುವಂತಿದೆ, ಯಾಕೆ ಹೀಗಂದೆ?" ಅಂತ ಕೇಳಿ. ತರಗತಿಯ ಮೂರು ಸೆಕೆಂಡಿನ ಕೆಲಸವನ್ನು ಇಲ್ಲಿ ಆ ಒಂದು ನಿಮಿಷ ಮಾಡುತ್ತದೆ.

ಆನ್‌ಲೈನ್ ಕ್ಲಾಸನ್ನು ಪುಟ್ಟ ಗುಂಪುಗಳಾಗಿ ಒಡೆದು ಮಕ್ಕಳನ್ನು ಬೇರೆ ಬೇರೆ ಬ್ರೇಕ್‌ಔಟ್ ರೂಮಿಗೆ ಕಳಿಸಿದರೆ ಅಲ್ಲಿ ಬರೀ ಮೌನ ಅನ್ನುವುದು ಎಲ್ಲರ ಅನುಭವ. "ಡಿಸ್ಕಸ್" ಅಂತ ಹೇಳಿ ಕಳಿಸಿದರೆ ಹಾಗೇ ಆಗುವುದು. ಏನು ತರಬೇಕು, ಯಾರು ಮಾತಾಡಬೇಕು ಎರಡೂ ಗೊತ್ತಿರಬೇಕು. "ಐದು ನಿಮಿಷ. ಸ್ವಾಮಿಯ ಎರಡು ನೆಪ ಬರೆದು ತನ್ನಿ. ರೋಲ್ ನಂಬರ್ ಚಿಕ್ಕದಿದ್ದವರು ಓದಬೇಕು" ಅಂದರೆ ಕೆಲಸ ಆಗುತ್ತದೆ.

ವಾಯ್ಸ್ ನೋಟ್ ಅನ್ನುವ ಚಿನ್ನದ ಗಣಿ

ನನ್ನ ಕೇಳಿದರೆ ಲೈವ್ ಕ್ಲಾಸಿಗಿಂತ ಹತ್ತು ಪಾಲು ಉಪಯೋಗಕ್ಕೆ ಬರುವುದು ವಾಟ್ಸ್‌ಆ್ಯಪ್ ವಾಯ್ಸ್ ನೋಟ್. ಡೇಟಾ ಕಡಿಮೆ ಸಾಕು. ನೆಟ್ ಬಂದಾಗ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸರಿ ಬರಲಿಲ್ಲ ಅಂದರೆ ಅಳಿಸಿ ಮತ್ತೆ ಹೇಳಬಹುದು. ನಲವತ್ತು ಸೆಕೆಂಡಿನ ನೋಟ್ ಕಳಿಸಲು ಒಂದು ಹುಡುಗಿ ಆರು ಸಲ ಹೇಳಿ ನೋಡುತ್ತಾಳೆ. ಅಂದರೆ ಆರು ಸಲ ಇಂಗ್ಲಿಷ್ ಮಾತಾಡಿದಳು, ಯಾರೂ ನಗಲಿಲ್ಲ. ತರಗತಿಯ ನಲವತ್ತೈದು ನಿಮಿಷದಲ್ಲಿ ಅವಳ ಪಾಲಿಗೆ ಬರುವುದು ಒಂದು ವಾಕ್ಯ, ಅದೂ ಅದೃಷ್ಟ ಇದ್ದರೆ.

ಅಜ್ಜಿಯ ಬಸ್ಸಿನ ಟಾಸ್ಕನ್ನೇ ಹೀಗೆ ಬದಲಿಸಬಹುದು. ಬೆಸ ರೋಲ್ ನಂಬರಿನವರಿಗೆ ಬಸ್ಸಿನ ಸಮಯದ ಫೋಟೋ ಕಳಿಸಿ, ಸಮ ನಂಬರಿನವರಿಗೆ ದರದ ಫೋಟೋ. ಜೋಡಿಗಳು ಒಬ್ಬರಿಗೊಬ್ಬರು ಕೇಳಿ ತಿಳಿದುಕೊಂಡು, ಯಾವ ಬಸ್, ಯಾಕೆ ಅಂತ ನಲವತ್ತು ಸೆಕೆಂಡಿನಲ್ಲಿ ಹೇಳಬೇಕು. ಈಗ ಅದು ಮಾಹಿತಿಯ ಗ್ಯಾಪ್ ಆಯಿತು. ಗಡುವು ಇವತ್ತು ರಾತ್ರಿ ಅಲ್ಲ, ನಾಳೆ ಬೆಳಗ್ಗೆ ಎಂಟರವರೆಗೆ ಇರಲಿ. ಅಪ್ಪನ ಫೋನು ಕೈಗೆ ಸಿಗುವ ಹೊತ್ತು ಅದು. ಫೋನೇ ಇಲ್ಲದ ಮನೆಯ ಮಗುವಿಗೆ ಅದೇ ಫೋಟೋ ಹಾಳೆಯಲ್ಲಿ ಬರೆದು ಕೊಟ್ಟು, ಮರುದಿನ ನಿಮ್ಮೆದುರು ನಲವತ್ತು ಸೆಕೆಂಡು ಮಾತಾಡಲು ಹೇಳಿ.

ಎಲ್ಲ ನೋಟ್ ಕೇಳಲು ಶಿಕ್ಷಕರಿಗೆ ಪುರುಸೊತ್ತು ಎಲ್ಲಿದೆ? ಐವತ್ತು ಮಕ್ಕಳು, ತಲಾ ನಲವತ್ತು ಸೆಕೆಂಡು, ಲೆಕ್ಕಕ್ಕೆ ಮೂವತ್ತಮೂರು ನಿಮಿಷ. ವಾರಕ್ಕೆ ಒಂದು ಟಾಸ್ಕ್ ಇಡಿ. ಪ್ರತಿಯೊಬ್ಬರಿಗೂ ಉತ್ತರ ಕೊಡಬೇಕಿಲ್ಲ. ಸರದಿಯ ಮೇಲೆ ಹತ್ತು ಜನಕ್ಕೆ ನೀವೂ ವಾಯ್ಸ್ ನೋಟ್‌ನಲ್ಲೇ ಒಂದು ಮಾತು ಹೇಳಿ. ಅವರು ಹೇಳಿದ ವಿಷಯದ ಬಗ್ಗೆ ಮೊದಲು, ಭಾಷೆಯ ಬಗ್ಗೆ ಆಮೇಲೆ, ಅದೂ ಒಂದೇ ತಪ್ಪು. ಎಲ್ಲರಿಗೂ ಆಗುವ ತಪ್ಪನ್ನು ಮರುದಿನ ಬೋರ್ಡ್ ಮೇಲೆ, ಹೆಸರು ಹೇಳದೆ ತೋರಿಸಿ.

ಇಲ್ಲಿ ಎಚ್ಚರಿಕೆ ವಹಿಸಲೇಬೇಕಾದ ಒಂದು ಸಂಗತಿ ಇದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಮನೆಯವರಿಗೆ ಇದು ದೊಡ್ಡ ಚಿಂತೆ, ಚಿಂತೆಗೆ ಕಾರಣವೂ ಇದೆ. ಇದರಿಂದ ನಂಬರು ಮರೆಯಾಗದಿದ್ದರೂ, ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಇಡಿ, ವಾಯ್ಸ್ ನೋಟ್ ನೇರವಾಗಿ ಶಾಲೆಯ ನಂಬರಿಗೆ ಬರಲಿ. ಶಿಕ್ಷಕರ ಸ್ವಂತ ನಂಬರಿಗಿಂತ ಅದು ಒಳ್ಳೆಯದು. ಹುಡುಗಿಯರಿಗೆ ಜೋಡಿಯಾಗಿ ಅವರ ಗೆಳತಿಯರೇ ಇರಲಿ. ಯಾರ ನೋಟನ್ನೂ ಕೇಳದೆ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ, ಎಷ್ಟೇ ಚೆನ್ನಾಗಿದ್ದರೂ. ಪೋಷಕರ ಸಭೆಯಲ್ಲಿ ಇದನ್ನೆಲ್ಲ ಮೊದಲೇ ಹೇಳಿಬಿಟ್ಟರೆ ಅರ್ಧ ತಲೆನೋವು ಕಡಿಮೆ.

ಇನ್ನು ಎಐ. ಹತ್ತನೇ ತರಗತಿ ಹುಡುಗರಿಗೆ ಚಾಟ್‌ಜಿಪಿಟಿ ಗೊತ್ತು. "ಮೈ ವಿಲೇಜ್" ಅಂತ ಪ್ರಬಂಧ ಕೊಟ್ಟರೆ ಮನೆಗೆ ತಲುಪುವ ಮೊದಲೇ ತಯಾರು. ಅದರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನ ಇಲ್ಲ. ಪ್ರಶ್ನೆಯನ್ನೇ ಬದಲಿಸಿ. "ನಿಮ್ಮ ಓಣಿಯ ಅಂಗಡಿಯಲ್ಲಿ ಇವತ್ತು ಟೊಮೆಟೊ ಎಷ್ಟು? ಅಂಗಡಿಯವರಿಗೆ ಯಾವ ತರಕಾರಿಯಿಂದ ಜಾಸ್ತಿ ನಷ್ಟ ಆಗುತ್ತದಂತೆ? ಕೇಳಿ ಬಂದು ಹೇಳಿ." ಅಂಗಡಿಯವರ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಹತ್ತಿರ ಇಂಗ್ಲಿಷಿನಲ್ಲಿ ಹೇಳಬೇಕು. ಇದಕ್ಕೆ ಉತ್ತರ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಓದಲೇ ಬರದವರ ಕತೆ ಏನು?

ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಎಂಟನೇ ತರಗತಿಯಲ್ಲೂ ಇಂಗ್ಲಿಷ್ ಪದಗಳನ್ನು ಕೂಡಿಸಿ ಓದಲು ಬಾರದ ಮಕ್ಕಳಿದ್ದಾರೆ. ಶಾಲೆ ಮುಚ್ಚಿದ ಎರಡು ವರ್ಷ ಅವರ ಸಂಖ್ಯೆ ಹೆಚ್ಚಿಸಿತು. ಅದಕ್ಕೇ 2022-23ರಲ್ಲಿ 'ಕಲಿಕಾ ಚೇತರಿಕೆ' ಅಂತ ಒಂದು ಇಡೀ ವರ್ಷದ ಕಾರ್ಯಕ್ರಮ ನಡೆಯಿತು. ಇಂಥ ಮಕ್ಕಳಿಗೆ ಬೇರೆ ಸುಲಭ ಟಾಸ್ಕ್ ಕೊಟ್ಟರೆ ದಡ್ಡರ ಸಾಲು ಅಂತ ಹಣೆಪಟ್ಟಿ ಬೀಳುತ್ತದೆ. ಟಾಸ್ಕ್ ಎಲ್ಲರಿಗೂ ಒಂದೇ ಇರಲಿ, ಆಸರೆ ಬೇರೆ ಇರಲಿ. ಅಜ್ಜಿಯ ಬಸ್ಸಿನಲ್ಲಿ ಇಂಥ ಮಗುವಿಗೆ ವಾಕ್ಯದ ಅರ್ಧ ಬರೆದುಕೊಡಿ: "ಅಜ್ಜಿ ಶುಡ್ ಟೇಕ್ ದ ___ ಬಸ್ ಬಿಕಾಸ್ ___." ಲೆಕ್ಕ ಅವನೇ ಮಾಡಲಿ. ಇಂಗ್ಲಿಷ್ ಓದಲು ಬಾರದ ಹುಡುಗ ಬಸ್ಸಿನ ಲೆಕ್ಕದಲ್ಲಿ ಕ್ಲಾಸಿಗೇ ಮೊದಲಿಗನಾಗಿರಬಹುದು, ದಿನಾ ಬಸ್ಸಿನಲ್ಲೇ ಬರುವವನು ಅಲ್ವಾ? ಓದುವುದನ್ನು ಕಲಿಸುವ ಕೆಲಸ ಬೇರೆಯೇ ಇದೆ, ಅದಕ್ಕೆ ದಿನಕ್ಕೆ ಹತ್ತು ನಿಮಿಷ ತೆಗೆದಿಡಲೇಬೇಕು. ಟಾಸ್ಕ್ ಅದನ್ನು ಮಾಡುವುದಿಲ್ಲ.

ಕೊನೆಗೆ ಹೆಡ್‌ಮಾಸ್ಟರಿಗೆ ಇದನ್ನು ಹೇಗೆ ಒಪ್ಪಿಸುವುದು ಅನ್ನುವ ಪ್ರಶ್ನೆ. ಆ ಇಪ್ಪತ್ತು ಆಂತರಿಕ ಅಂಕ ಇದೆಯಲ್ಲ, ಅದನ್ನೇ ಹಿಡಿಯಿರಿ. ಚಟುವಟಿಕೆ 'ನಡೆಸಿದ್ದೇವೆ' ಅಂತ ಫೈಲಿಗೆ ಹಾಳೆ ಸೇರಿಸುವುದು ಎಲ್ಲ ಕಡೆ ಇದ್ದದ್ದೇ. ಅದರ ಬದಲು ವಾಯ್ಸ್ ನೋಟ್‌ಗಳನ್ನು ರೋಲ್ ನಂಬರ್ ಹಾಕಿ ಉಳಿಸಿಟ್ಟುಕೊಳ್ಳಿ. ಜೂನ್‌ನ ಒಂದು ನೋಟ್, ನವೆಂಬರಿನ ಒಂದು ನೋಟ್ ಸಾಕು. ಇನ್‌ಸ್ಪೆಕ್ಷನ್‌ಗೆ ಬಂದವರು ದಾಖಲೆ ಎಲ್ಲಿ ಅಂದರೆ ಎರಡನ್ನೂ ಕೇಳಿಸಿ.